ಮೇನ್ ಬ್ಯಾಟರಿ 82%, ಆದರೂ ಕಾರು ಏಳಲಿಲ್ಲ: 12 ವೋಲ್ಟ್ ಬ್ಯಾಟರಿ ಜೊತೆ ಮೂರು ವಾರ

ಜೂನ್ 7, ಶನಿವಾರ, ಬೆಳಿಗ್ಗೆ

ಅಪ್ಪ ಅಮ್ಮನ ಜೊತೆ ಕಾಶಿಗೆ ಹೋಗಿ, 11 ದಿನ ಬಿಟ್ಟು ಮೈಸೂರಿಗೆ ವಾಪಸ್ ಬಂದೆವು. ನಮ್ಮ ಎಲೆಕ್ಟ್ರಿಕ್ ಕಾರು ಪೋರ್ಚಿನಲ್ಲೇ ನಿಂತಿತ್ತು. ಹಾಲು, ತರಕಾರಿ ತರೋಣ ಅಂತ ರಿಮೋಟ್ ಒತ್ತಿದೆ. ಸದ್ದೇ ಇಲ್ಲ. ರಿಮೋಟಿನ ಸೆಲ್ ಹೋಗಿರಬೇಕು ಅಂತ ಹೊಸದು ಹಾಕಿದೆ. ಆಗಲೂ ಇಲ್ಲ. ರಿಮೋಟಿನ ಹೊಟ್ಟೆಯೊಳಗೆ ಒಂದು ಕಬ್ಬಿಣದ ಕೀ ಇರುತ್ತಲ್ಲ, ಅದನ್ನು ಎಳೆದು ಬಾಗಿಲು ತೆಗೆದೆ. ಒಳಗಿನ ದೀಪ ಕೂಡ ಉರಿಯಲಿಲ್ಲ. ಬ್ರೇಕ್ ತುಳಿದು ಬಟನ್ ಒತ್ತಿದರೆ ಕಲ್ಲು ಒತ್ತಿದ ಹಾಗೆ.

ಮೊಬೈಲಿನಲ್ಲಿ ಆ್ಯಪ್ ತೆಗೆದರೆ ಮೇನ್ ಬ್ಯಾಟರಿ 82% ಅಂತ ತೋರಿಸ್ತಿದೆ. ಕೆಳಗೆ ಸಣ್ಣ ಅಕ್ಷರದಲ್ಲಿ ಕೊನೆಯ ಅಪ್‌ಡೇಟ್ ಮೇ 31 ಅಂತ ಇತ್ತು. ಅಂದರೆ ನಾವು ಕಾಶಿಯಲ್ಲಿ ಇರುವಾಗಲೇ ಕಾರು ಮಾತು ನಿಲ್ಲಿಸಿದೆ. ಅಲ್ಲಿ ಎರಡು ಸಲ ಆ್ಯಪ್ ನೋಡಿದ್ದೆ, 82% ನೋಡಿ ಸಮಾಧಾನವಾಗಿ ಮುಚ್ಚಿಟ್ಟಿದ್ದೆ. ತಾರೀಖು ನೋಡಿರಲಿಲ್ಲ.

ಎಲೆಕ್ಟ್ರಿಕ್ ಕಾರಿನ ದೊಡ್ಡ ಬ್ಯಾಟರಿ ಸಾಮಾನ್ಯವಾಗಿ 300 ವೋಲ್ಟಿಗಿಂತ ಮೇಲಿನದು. ಕಾರು ಆಫ್ ಆದಾಗ ಅದನ್ನು ಕಾರಿನ ಉಳಿದ ಭಾಗದಿಂದ ಬಿಡಿಸಿ ಇಡುವ ದಪ್ಪ ರಿಲೇಗಳಿವೆ (ಕರೆಂಟ್ ಕೊಟ್ಟರೆ ಕೂಡಿಕೊಳ್ಳುವ ಸ್ವಿಚ್ಚುಗಳು), ಕಾಂಟ್ಯಾಕ್ಟರ್ ಅಂತಾರೆ. ಆ ಕಾಂಟ್ಯಾಕ್ಟರ್ ಎಳೆದು ಮತ್ತೆ ಜೋಡಿಸೋದು ಬಾನೆಟ್ ಕೆಳಗಿರುವ ಮಾಮೂಲಿ 12 ವೋಲ್ಟ್ ಬ್ಯಾಟರಿ. ಅದು ಸತ್ತರೆ ಬೀರು ತುಂಬ ದುಡ್ಡಿದ್ದೂ ಕೀ ಇಲ್ಲದ ಸ್ಥಿತಿ. ಇದನ್ನು ನಾನು ಎಲ್ಲೋ ಓದಿದ್ದೆ. ಓದಿದ್ದಕ್ಕೂ ಹಾಲು ತರೋಕೆ ಆಗದೆ ನಿಲ್ಲೋದಕ್ಕೂ ವ್ಯತ್ಯಾಸ ಇದೆ.

ಮಲ್ಟಿಮೀಟರ್ ತರೋಣ ಅಂದರೆ ಟೂಲ್ ಬಾಕ್ಸ್ ಇರೋದು ಡಿಕ್ಕಿಯಲ್ಲಿ. ಡಿಕ್ಕಿ ತೆಗೆಯೋದು ಕರೆಂಟಿನ ಬಟನ್. ಹಿಂದಿನ ಸೀಟು ಮಡಚಿ, ಹೊಟ್ಟೆ ಮೇಲೆ ತೆವಳಿಕೊಂಡು ಹೋಗಿ, ಮಗಳ ಸೈಕಲ್ ಪಂಪ್ ತಲೆಗೆ ಹೊಡೆಸಿಕೊಂಡು ಬಾಕ್ಸ್ ಎಳೆದೆ. ಬಾನೆಟ್ ಲಿವರ್ ಮಾತ್ರ ಕೇಬಲಿನದು, ಪುಣ್ಯಕ್ಕೆ ತೆರೆಯಿತು. ಬ್ಯಾಟರಿ ಮೇಲೆ ಮೀಟರ್ ಇಟ್ಟೆ: 7.9 ವೋಲ್ಟ್. ಚೆನ್ನಾಗಿರುವ ಲೆಡ್ ಆಸಿಡ್ (ಸೀಸದ) ಬ್ಯಾಟರಿ ಫುಲ್ ಚಾರ್ಜ್ ಆಗಿ ಸುಮ್ನೆ ಕೂತಾಗ 12.6, 12.7 ತೋರಿಸಬೇಕು. 12ಕ್ಕೆ ಬಂದರೇ ಕಾಲು ಭಾಗ ಉಳಿದಿದೆ ಅಂತ ಅರ್ಥ. 7.9 ಅಂದರೆ ಎಳ್ಳುನೀರು ಬಿಟ್ಟ ಹಾಗೆ.

ಜೂನ್ 7, ಎಬ್ಬಿಸುವ ಪ್ರಯತ್ನಗಳು

ಮೊದಲು ಮಾಡಿದ ದಡ್ಡ ಕೆಲಸ: ಗೋಡೆಯ ಚಾರ್ಜರ್ ಗನ್ ತಂದು ಚುಚ್ಚಿದೆ. ಚಾರ್ಜ್ ಆದರೆ ಚಿಕ್ಕದೂ ತುಂಬುತ್ತಲ್ವಾ ಅನ್ನೋ ಲೆಕ್ಕ. ಗೋಡೆಯಲ್ಲಿ ಹಸಿರು ದೀಪ, ಕಾರಿನಲ್ಲಿ ಏನೂ ಇಲ್ಲ. ಕಾರಿನೊಳಗಿನ ಚಾರ್ಜರ್ ಎದ್ದೇಳೋಕೂ ಅದೇ 12 ವೋಲ್ಟ್ ಬೇಕು. ಹತ್ತು ನಿಮಿಷ ದಂಡ.

ಸರ್ವಿಸ್ ಸೆಂಟರಿಗೆ ಫೋನ್ ಮಾಡಿದೆ. ಟೋ ಮಾಡಿಸಿ ಕಳಿಸಿ, ಸೋಮವಾರ ನೋಡ್ತೀವಿ ಅಂದರು. ಟೋ ಮಾಡೋದು ಹೇಗೆ? ಪಾರ್ಕ್ ಲಾಕ್, ಹ್ಯಾಂಡ್ ಬ್ರೇಕ್ ಎರಡೂ ಕರೆಂಟಿನವು, ಚಕ್ರ ಅಲುಗಲ್ಲ. ಮೇಲಾಗಿ ಕಾರು ಮೂತಿಯನ್ನು ಗೋಡೆ ಕಡೆ ಮಾಡಿ ನಿಂತಿದೆ. ಪಕ್ಕದ ಮನೆ ಮೇಷ್ಟ್ರು ತಮ್ಮ ಪೆಟ್ರೋಲ್ ಕಾರು ತಂದು ಜಂಪ್ ಕೊಡೋಣ, ಅಂದರೆ ಅದರ ಬ್ಯಾಟರಿಯಿಂದ ವೈರ್ ಎಳೆದು ಇದನ್ನು ಎಬ್ಬಿಸೋಣ ಅಂದರು. ಅವರ ಕಾರನ್ನು ಗೇಟಿಗೆ ತಾಗಿಸಿ ನಿಲ್ಲಿಸಿದರೂ ಬ್ಯಾಟರಿಯಿಂದ ಬ್ಯಾಟರಿಗೆ 5 ಮೀಟರ್ ಮೇಲಾಯಿತು. ಅವರ ಜಂಪರ್ ಕೇಬಲ್ ಎರಡೂವರೆ ಮೀಟರ್. "ಏನಪ್ಪಾ, ಕರೆಂಟ್ ಕಾರಿಗೂ ಬ್ಯಾಟರಿ ಡೌನಾ?" ಅಂತ ನಕ್ಕರು. ಈ ಪ್ರಶ್ನೆಯನ್ನು ಆ ವಾರ ಇನ್ನೂ ನಾಲ್ಕು ಜನ ಕೇಳಿದರು.

ಆಮೇಲೆ ಸ್ಕೂಟರ್ ಬ್ಯಾಟರಿ. 12 ವೋಲ್ಟ್, 5 ಎಎಚ್ (ಆಂಪಿಯರ್ ಅವರ್, ಬ್ಯಾಟರಿ ಎಷ್ಟು ಹಿಡಿಯುತ್ತೆ ಅನ್ನೋ ಅಳತೆ). ಎಲೆಕ್ಟ್ರಿಕ್ ಕಾರಿನಲ್ಲಿ (ಇವಿ) ಎಂಜಿನ್ ತಿರುಗಿಸುವ ಸ್ಟಾರ್ಟರ್ ಇಲ್ಲ, ನೂರಿನ್ನೂರು ಆಂಪಿಯರ್ ಬೇಕಿಲ್ಲ, ಸುಮ್ನೆ ಕಂಪ್ಯೂಟರ್ ಎದ್ದು ರಿಲೇ ಎಳೆದರೆ ಸಾಕು, ಹಾಗಾಗಿ ಚಿಕ್ಕ ಬ್ಯಾಟರಿಯೇ ಸಾಕು ಅಂತ ನನ್ನ ವಾದ. ವಾದ ಸರಿ, ವೈರ್ ತಪ್ಪು. ಎಲೆಕ್ಟ್ರಾನಿಕ್ಸ್ ಆಟಕ್ಕೆ ಇಟ್ಟುಕೊಂಡಿದ್ದ ಕೂದಲೆಳೆಯಂಥ ಕ್ರೊಕೊಡೈಲ್ ಕ್ಲಿಪ್ ವೈರ್ ಹಾಕಿದೆ. ಡ್ಯಾಶ್‌ಬೋರ್ಡ್ ದೀಪ ಮಿಣುಕಿತು, ಬಾನೆಟ್ ಕೆಳಗೆ ಯಾವುದೋ ರಿಲೇ ಟಿಕ್ ಟಿಕ್ ಟಿಕ್ ಅಂತ ಹಲ್ಲಿ ಲೊಚಗುಟ್ಟಿದ ಹಾಗೆ ಶುರು ಮಾಡಿತು. ಸ್ಕೂಟರ್ ಬ್ಯಾಟರಿ ಹತ್ತಿರ ಅಳೆದರೆ 12.1, ಕಾರಿನ ತುದಿಯಲ್ಲಿ 9.6. ಮಧ್ಯದ ಎರಡೂವರೆ ವೋಲ್ಟ್ ವೈರಿನಲ್ಲೇ ಬಿಸಿಯಾಗಿ ಹೋಗ್ತಿದೆ. ಕೆಂಪು ವೈರ್ ಮುಟ್ಟಿದರೆ ಪ್ಲಾಸ್ಟಿಕ್ ಮೆತ್ತಗಾಗಿತ್ತು. ತೆಗೆದು ಬಿಸಾಡಿದೆ.

ಕೊನೆಗೆ ಹೊಳೆದದ್ದು ಮನೆಯ ಇನ್ವರ್ಟರ್. 150 ಎಎಚ್ ಟ್ಯೂಬುಲರ್ ಬ್ಯಾಟರಿ, ಅದೂ 12 ವೋಲ್ಟೇ. ಇರೋದು ಮೆಟ್ಟಿಲ ಕೆಳಗೆ, ಪೋರ್ಚ್ ಗೋಡೆಯ ಆ ಕಡೆ, ಮಧ್ಯೆ ಒಂದು ಕಿಟಕಿ. ಬ್ಯಾಟರಿ ಎತ್ತೋ ಮಾತೇ ಇಲ್ಲ, ವೈರನ್ನೇ ಅಲ್ಲಿಗೆ ಒಯ್ದೆ. ಗೀಸರ್ ಲೈನ್ ಎಳೆದಾಗ ಉಳಿದಿದ್ದ 6 ಸ್ಕ್ವೇರ್ (ಚದರ ಮಿಲಿಮೀಟರ್) ದಪ್ಪದ ವೈರ್, ನಾಲ್ಕು ಮೀಟರಿನ ಎರಡು ತುಂಡು. ಕೆಂಪು ಲೈನಿನಲ್ಲಿ 30 ಆಂಪಿಯರ್ ಫ್ಯೂಸ್ ಒಂದು ಹಾಕಿದೆ. ಇನ್ವರ್ಟರ್ ಆಫ್ ಮಾಡಿ, ಅದರ ಪ್ಲಗ್ ಕಿತ್ತು, ಬ್ಯಾಟರಿಯಿಂದ ಇನ್ವರ್ಟರ್ ವೈರ್ ಬಿಚ್ಚಿಟ್ಟೆ. ಕಾರಿನ ಕಡೆ ಪ್ಲಸ್‌ಗೆ ಪ್ಲಸ್, ಮೈನಸ್ ಅನ್ನು ಬ್ಯಾಟರಿಯಿಂದ ದೂರ ಬಾಡಿಯ ಒಂದು ಬೋಲ್ಟಿಗೆ. ಪೆಟ್ರೋಲ್ ಕಾರಾಗಿದ್ದರೆ ಈ ವೈರಿನಲ್ಲಿ ಸ್ಟಾರ್ಟರ್ ಅಲುಗ್ತಾನೂ ಇರಲಿಲ್ಲ.

ಹತ್ತು ನಿಮಿಷ ಕಾದು ಬ್ರೇಕ್ ತುಳಿದು ಬಟನ್ ಒತ್ತಿದೆ. ಸೀಟಿನ ಕೆಳಗಿಂದ "ಠಕ್" ಅಂತ ಒಂದೇ ಸದ್ದು, ಸ್ಕ್ರೀನಿನಲ್ಲಿ ರೆಡಿ ಅಂತ ಬಂತು. ಆ ಠಕ್ ಇಷ್ಟು ದಿನ ಇತ್ತೇ ಅಂತಲೂ ನನಗೆ ಗೊತ್ತಿರಲಿಲ್ಲ. ಕೂಡಲೇ ಇನ್ವರ್ಟರ್ ವೈರ್ ತೆಗೆದೆ. ಬ್ಯಾಟರಿ ಮೇಲೆ ಈಗ 14.3 ವೋಲ್ಟ್. ಅಂದರೆ ಡಿಸಿ-ಡಿಸಿ ಕನ್ವರ್ಟರ್ ಸರಿಯಾಗಿದೆ. ಪೆಟ್ರೋಲ್ ಕಾರಿನ ಆಲ್ಟರ್ನೇಟರ್ ಮಾಡುವ ಕೆಲಸ ಇಲ್ಲಿ ಇದರದ್ದು, ದೊಡ್ಡ ಬ್ಯಾಟರಿಯಿಂದ ತಗೊಂಡು ಚಿಕ್ಕದನ್ನು ತುಂಬೋದು. ನಿಂತಲ್ಲೇ ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ 13.6ಕ್ಕೆ ಇಳಿದು ಮತ್ತೆ ಮೇಲೆ ಬಂತು. ಮೊದಲ ಕೆಲಸ, ಕಾರನ್ನು ಹೊರಗೆ ತೆಗೆದು ಮೂತಿ ಗೇಟಿನ ಕಡೆ ಬರುವ ಹಾಗೆ ನಿಲ್ಲಿಸಿದೆ.

ಎರಡು ಗಂಟೆ ರೆಡಿಯಲ್ಲೇ ಬಿಟ್ಟೆ. ರಾತ್ರಿ 9ಕ್ಕೆ 11.7. ಮಾರನೇ ದಿನ ಬೆಳಿಗ್ಗೆ 10.2.

ಜೂನ್ 8 ಮತ್ತು 9, ಹಳೇ ಬ್ಯಾಟರಿಯ ಪರೀಕ್ಷೆ

ಬ್ಯಾಟರಿ ಹೊರಗೆ ತೆಗೆದೆ. ಬೇಕಾದದ್ದು 10 ನಂಬರ್ ಸ್ಪ್ಯಾನರ್ ಒಂದೇ. ಕಾರು ಆಫ್ ಮಾಡಿ, ಕೀ ದೂರ ಇಟ್ಟು, ಸ್ವಲ್ಪ ಹೊತ್ತು ಬಿಟ್ಟು ಮೈನಸ್ ಮೊದಲು ಬಿಚ್ಚಿದೆ, ಆಮೇಲೆ ಪ್ಲಸ್, ಆಮೇಲೆ ಹಿಡಿದಿರುವ ಪಟ್ಟಿ. ಅಲ್ಲೇ ಪಕ್ಕದಲ್ಲಿ ಕಿತ್ತಳೆ ಬಣ್ಣದ ದಪ್ಪ ಕೇಬಲ್‌ಗಳು ಹೋಗುತ್ತವೆ, ಅವು ದೊಡ್ಡ ವೋಲ್ಟೇಜಿನವು, ಅವುಗಳ ತಂಟೆಗೆ ಹೋಗಲೇಬಾರದು. ಬ್ಯಾಟರಿ ತೂಕ ಸುಮಾರು 10 ಕೆಜಿ.

1,450 ರೂಪಾಯಿ ಕೊಟ್ಟು 4 ಆಂಪಿಯರಿನ ಚಾರ್ಜರ್ ತಂದು ಬಾಲ್ಕನಿಯಲ್ಲಿ ಇಡೀ ರಾತ್ರಿ ಹಾಕಿದೆ. ಚಾರ್ಜರ್ ಬೆಳಿಗ್ಗೆ ಫುಲ್ ಅಂತ ಹಸಿರು ದೀಪ ತೋರಿಸ್ತು, ಮೀಟರ್ 12.9. ಖುಷಿಯಾಗಿಬಿಟ್ಟೆ. ಚಾರ್ಜರ್ ತೆಗೆದ ತಕ್ಷಣ ಬರುವ ವೋಲ್ಟೇಜ್ ನಂಬಬಾರದು ಅಂತ ಸಂಜೆ ಅರ್ಥ ಆಯಿತು, ಅಷ್ಟೊತ್ತಿಗೆ ಅದು 12.31ಕ್ಕೆ ಇಳಿದಿತ್ತು.

ವೋಲ್ಟೇಜ್ ಒಂದೇ ನೋಡಿದರೆ ಸಾಲದು ಅಂತ ಬಲ್ಬ್ ಟೆಸ್ಟ್ ಮಾಡಿದೆ. ಹಳೇ ಕಾರಿನ ಹೆಡ್‌ಲೈಟ್ ಬಲ್ಬ್ ಒಂದು ಅಟ್ಟದಲ್ಲಿತ್ತು, 55 ವ್ಯಾಟ್, ಅಂದರೆ ಸುಮಾರು 4.5 ಆಂಪಿಯರ್ ಎಳೆಯುತ್ತೆ. ಒಂದು ಇಟ್ಟಿಗೆ ಮೇಲೆ ಬಲ್ಬ್ ಇಟ್ಟು, ಹೊತ್ತಿಸಿ, ಹತ್ತು ಹತ್ತು ನಿಮಿಷಕ್ಕೆ ವೋಲ್ಟೇಜ್ ಬರೆದುಕೊಳ್ಳುತ್ತಾ ಕೂತೆ. 35 ಎಎಚ್ ಬ್ಯಾಟರಿ ಚೆನ್ನಾಗಿದ್ದರೆ ಆರು ಗಂಟೆ ಆಸುಪಾಸು ಬರಬೇಕು. ಇದು 1 ಗಂಟೆ 20 ನಿಮಿಷಕ್ಕೆ 10.5ಕ್ಕೆ ಬಂತು. ಆರು ಎಎಚ್. ಎರಡು ಮುಕ್ಕಾಲು ವರ್ಷದ ಬ್ಯಾಟರಿಯಲ್ಲಿ ಉಳಿದದ್ದು ಸ್ಕೂಟರ್ ಬ್ಯಾಟರಿಯಷ್ಟು. ಖಾಲಿ ಬ್ಯಾಟರಿಯನ್ನು ಹಾಗೇ ಒಂದು ವಾರ ಬಿಟ್ಟರೆ ಪ್ಲೇಟ್ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತೆ, ಮತ್ತೆ ವಾಪಸ್ ಬರಲ್ಲ.

ಪೆಟ್ರೋಲ್ ಕಾರಿನಲ್ಲಾದರೆ ಇದು ಮೊದಲೇ ಗೊತ್ತಾಗ್ತಿತ್ತು. ಚಳಿಗಾಲದ ಬೆಳಿಗ್ಗೆ ಸ್ಟಾರ್ಟರ್ ಮುಕ್ಕರಿಯೋಕೆ ಶುರು ಮಾಡಿದಾಗ ಓಹೋ ಬ್ಯಾಟರಿ ಮುಗೀತಾ ಬಂತು ಅಂತ ಮನೆಯವರಿಗೆಲ್ಲ ತಿಳಿಯುತ್ತೆ. ಇವಿ ಮುಕ್ಕರಿಯಲ್ಲ. ನಿನ್ನೆ ಚೆನ್ನಾಗಿತ್ತು, ಇವತ್ತು ಇಲ್ಲ, ಅಷ್ಟೇ. 2001ರಲ್ಲಿ ಬೆಂಗಳೂರಿನಿಂದ ಬಂದ ರೇವಾ ಎಲೆಕ್ಟ್ರಿಕ್ ಕಾರು ಪೂರ್ತಿ ಲೆಡ್ ಆಸಿಡ್ ಮೇಲೇ ಓಡ್ತಿತ್ತು, ಸೀಟಿನ ಕೆಳಗೆ 6 ವೋಲ್ಟಿನ ಎಂಟು ಬ್ಯಾಟರಿ. ಈಗ ದೊಡ್ಡದು ಲಿಥಿಯಂ ಆಗಿದೆ, ಆದರೂ ಇಡೀ ಕಾರಿನ ಜುಟ್ಟು ಆ ಹಳೇ ಸೀಸದ ಡಬ್ಬಿಯ ಕೈಯಲ್ಲೇ ಇದೆ.

ಜೂನ್ 10 ಮತ್ತು 11, ಹೊಸ ಬ್ಯಾಟರಿ, ಅದರಲ್ಲೂ ಎಡವಟ್ಟು

ಹಳೇ ಬ್ಯಾಟರಿ ಮೇಲೆ 38ಬಿ20ಎಲ್ ಅಂತ ಬರೆದಿತ್ತು. ಅಂಗಡಿಯಲ್ಲಿ "ಬಿ20 ಕೊಡಿ" ಅಂದೆ, ಕೊಟ್ಟರು. ಹಳೇದು ವಾಪಸ್ ಕೊಟ್ಟು 4,350 ರೂಪಾಯಿ. ಮೀಟರ್ ಒಯ್ದಿದ್ದೆ, ಮೊದಲು ಕೊಟ್ಟ ಬ್ಯಾಟರಿ 12.41 ತೋರಿಸಿದ್ದಕ್ಕೆ ಬೇಡ ಅಂದೆ, ಎರಡನೆಯದು 12.66, ತಯಾರಾದ ತಿಂಗಳೂ ಹೊಸದು. ಜಾಣತನ ಅಲ್ಲಿಗೆ ಮುಗೀತು.

ಮನೆಗೆ ತಂದು ಕೂರಿಸಿದರೆ ಪ್ಲಸ್ ವೈರ್ ಟರ್ಮಿನಲಿಗೆ ಮುಟ್ಟಲ್ಲ. ನೋಡಿದರೆ ನಾನು ತಂದದ್ದು 38ಬಿ20ಆರ್. ಬಿ ಅಂದರೆ ಅಗಲ ಎತ್ತರದ ಅಳತೆ, 20 ಅಂದರೆ ಉದ್ದ ಸೆಂಟಿಮೀಟರಿನಲ್ಲಿ, ಕೊನೆಯ ಅಕ್ಷರ ಟರ್ಮಿನಲ್ ಯಾವ ಕಡೆ ಅನ್ನೋದು. ಅಂದರೆ ಪ್ಲಸ್ ಮೈನಸ್ ಅದಲು ಬದಲು. ಬ್ಯಾಟರಿಯನ್ನೇ ತಿರುಗಿಸಿ ಇಡೋಣ ಅಂತ ನೋಡಿದೆ. ಆಗ ಟರ್ಮಿನಲ್ ಎರಡೂ ಹಿಂದಕ್ಕೆ ಹೋಗಿ ಎರಡೂ ವೈರ್ ಗಿಡ್ಡ. ವೈರನ್ನು ಎಳೆದು ಬಲವಂತ ಮಾಡೋಕೆ ಕೈ ಹೋಗಿತ್ತು, ನನ್ನ ಹೆಂಡತಿ ಬಾಗಿಲಿಂದಲೇ "ರೀ, ಬೇಡ ಬಿಡಿ, ವಾಪಸ್ ಕೊಟ್ಟು ಬನ್ನಿ" ಅಂದಳು. ಉಲ್ಟಾ ಕೊಟ್ಟಿದ್ದರೆ ಎಷ್ಟು ಕಂಪ್ಯೂಟರ್ ಸುಟ್ಟಿರುತ್ತಿದ್ದವೋ. ಆಟೋಗೆ 160 ರೂಪಾಯಿ, ಅಂಗಡಿಯವರು ಮುಖ ಗಂಟಿಕ್ಕದೆ ಬದಲಾಯಿಸಿ ಕೊಟ್ಟರು. ಈ ಸಲದ್ದು 12.65.

11ರ ಸಂಜೆ ಕೂರಿಸಿದೆ. ಪಟ್ಟಿ ಬಿಗಿ ಮಾಡಿ, ಪ್ಲಸ್ ಮೊದಲು, ಮೈನಸ್ ಕೊನೆಗೆ, ಟರ್ಮಿನಲ್ ಮೇಲೆ ಸ್ವಲ್ಪ ವ್ಯಾಸಲೀನ್. ಗಡಿಯಾರ ತಪ್ಪಿತ್ತು, ಡ್ರೈವರ್ ಕಡೆ ಗ್ಲಾಸ್ ಒಂದೇ ಒತ್ತಿಗೆ ಮೇಲೇಳೋದು ಮರೆತಿತ್ತು, ಪೂರ್ತಿ ಏರಿಸಿ ಬಟನ್ ಹಿಡಿದುಕೊಂಡ ಮೇಲೆ ಸರಿಹೋಯಿತು. ಟೈರ್ ಗಾಳಿಯ ಎಚ್ಚರಿಕೆ ದೀಪ ಎರಡು ಕಿಲೋಮೀಟರ್ ಓಡಿದ ಮೇಲೆ ತಾನಾಗಿ ಹೋಯಿತು. ಕೆಲಸ ಮುಗೀತು ಅಂತ ಕಾಫಿ ಕುಡಿದೆ.

ಜೂನ್ 17, ಮಂಗಳವಾರ

ಕೆಲಸ ಮುಗಿದಿರಲಿಲ್ಲ. ಭಾನುವಾರ ಸಂಜೆ ನಿಲ್ಲಿಸಿ ಸ್ವಲ್ಪ ಹೊತ್ತು ಬಿಟ್ಟು ಅಳೆದಾಗ 12.67 ಇತ್ತು. ಸೋಮವಾರ ಮನೆಯಿಂದಲೇ ಆಫೀಸ್ ಕೆಲಸ, ಕಾರು ತೆಗೆಯಲಿಲ್ಲ. ಮಂಗಳವಾರ ಬೆಳಿಗ್ಗೆ ಸುಮ್ನೆ ಅನುಮಾನಕ್ಕೆ ಮೀಟರ್ ಇಟ್ಟೆ. 12.27. ಒಂದೂವರೆ ದಿನಕ್ಕೆ ಹತ್ತಿರ ಹತ್ತಿರ ಅರ್ಧ ಬ್ಯಾಟರಿ ಮಾಯ.

ಈ ಇಡೀ ಕೆಲಸದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಇದೇ. ಹಳೇ ಬ್ಯಾಟರಿ ಸತ್ತಿದೆ ಅಂತ ಬಲ್ಬ್ ಇಟ್ಟು ಸಾಬೀತು ಮಾಡಿದೆ, ಅದನ್ನು ಕೊಂದದ್ದು ಯಾರು ಅಂತ ಕೇಳಲೇ ಇಲ್ಲ. ವಯಸ್ಸಾಗಿತ್ತು ಅಂತ ನಾನೇ ತೀರ್ಪು ಕೊಟ್ಟುಬಿಟ್ಟೆ. ಇನ್ನೊಂದು ಸಲ ಊರಿಗೆ ಹೋಗಿದ್ದರೆ 4,350 ರೂಪಾಯಿಯ ಹೊಸದೂ ಅದೇ ದಾರಿ ಹಿಡಿಯುತ್ತಿತ್ತು.

ಜೂನ್ 18, ಸೋರಿಕೆ ಹುಡುಕಿದ್ದು

ಮೈನಸ್ ವೈರ್ ಬಿಚ್ಚಿ, ವೈರಿಗೂ ಟರ್ಮಿನಲಿಗೂ ಮಧ್ಯೆ ಮೀಟರ್ ಇಟ್ಟು, ಕಾರು ಮಲಗಿದಾಗ ಎಷ್ಟು ಕರೆಂಟ್ ಎಳೆಯುತ್ತೆ ಅಂತ ನೋಡಬೇಕು. ಮೊದಲ ಸಲ ಕೆಂಪು ಪ್ರೋಬ್ ಅನ್ನು ಮಿಲಿ ಆಂಪಿಯರ್ ತೂತಿನಲ್ಲೇ ಇಟ್ಟು ಬಾಗಿಲು ತೆಗೆದೆ. ಬಾಗಿಲು ತೆಗೆದ ಕೂಡಲೇ ಕಾರು ಎದ್ದು ಏಳೆಂಟು ಆಂಪಿಯರ್ ಎಳೆಯುತ್ತೆ. ಮೀಟರಿನ ಫ್ಯೂಸ್ ಹೋಯಿತು. ಹೊಸ ಫ್ಯೂಸ್ 40 ರೂಪಾಯಿ, ಅದನ್ನು ಹುಡುಕೋಕೆ ಮೂರು ಅಂಗಡಿ.

ಎರಡನೇ ಸಲ 10 ಆಂಪಿಯರ್ ತೂತಿಗೆ ಹಾಕಿದೆ. ಬಾನೆಟ್ ಮತ್ತು ಡ್ರೈವರ್ ಬಾಗಿಲಿನ ಕೊಂಡಿಯನ್ನು ಸ್ಕ್ರೂಡ್ರೈವರಿನಿಂದ ಒತ್ತಿ, ಮುಚ್ಚಿದೆ ಅಂತ ಕಾರನ್ನು ನಂಬಿಸಿದೆ. ಮೀಟರಿಗೆ ಸಮಾನಾಂತರವಾಗಿ ಒಂದು ದಪ್ಪ ವೈರ್ ಕ್ಲಿಪ್ ಮಾಡಿ, ಏಳುವಾಗಿನ ಜಾಸ್ತಿ ಕರೆಂಟ್ ಅದರಲ್ಲಿ ಹೋಗಲಿ ಅಂತ ಬಿಟ್ಟು, ಕಾರು ಮಲಗಿದ ಮೇಲೆ ಆ ವೈರ್ ತೆಗೆದು ನೋಡೋದು ಅಂತ ಪ್ಲಾನ್. ಅರ್ಧ ಗಂಟೆ ಕಾದೆ. ತೆಗೆದರೆ 3 ಆಂಪಿಯರ್. ಇನ್ನೂ ಅರ್ಧ ಗಂಟೆ. ಮತ್ತೆ 3. ಕಾರು ಮಲಗ್ತಾನೇ ಇಲ್ಲ. ಕಾರಣ ನನ್ನ ಪ್ಯಾಂಟಿನ ಜೇಬಿನಲ್ಲಿತ್ತು: ಕೀ. ನಾನು ಬಾನೆಟ್ ಹತ್ತಿರ ಬಂದಾಗಲೆಲ್ಲ ಯಜಮಾನ ಬಂದ ಅಂತ ಅದು ಎದ್ದು ಕೂರ್ತಿದೆ. ಕೀ ತಗೊಂಡು ಹೋಗಿ ಅಡುಗೆಮನೆಯ ಸ್ಟೀಲ್ ಡಬ್ಬಿಯಲ್ಲಿ ಹಾಕಿ ಮುಚ್ಚಿದೆ.

ಮತ್ತೆ 40 ನಿಮಿಷ. ಈಗ 0.43 ಆಂಪಿಯರ್. 0.05ರ ಒಳಗಿರಬೇಕಾದ್ದು.

ಫ್ಯೂಸ್ ಬಾಕ್ಸಿನಲ್ಲಿ ಡ್ಯಾಶ್‌ಕ್ಯಾಮಿನ (ರಸ್ತೆ ರೆಕಾರ್ಡ್ ಮಾಡುವ ಕ್ಯಾಮೆರಾ) ಫ್ಯೂಸ್ ಕಿತ್ತೆ: 0.14. ಸ್ಟೀರಿಂಗ್ ಕೆಳಗಿನ ಓಬಿಡಿ ಸಾಕೆಟ್ಟಿನಲ್ಲಿ (ಮೆಕ್ಯಾನಿಕ್‌ಗಳು ಕಾರಿನ ಕಂಪ್ಯೂಟರ್ ಪರೀಕ್ಷಿಸುವ ಜಾಗ) ಒಂದು ಬ್ಲೂಟೂತ್ ಡಾಂಗಲ್ ಚುಚ್ಚಿದ್ದೆ, ದೊಡ್ಡ ಬ್ಯಾಟರಿಯ ಸೆಲ್ ವೋಲ್ಟೇಜ್ ಮೊಬೈಲಿನಲ್ಲಿ ನೋಡುವ ಚಟಕ್ಕೆ. ಅದನ್ನು ಕಿತ್ತು, ಕಾರು ಮತ್ತೆ ಮಲಗುವ ತನಕ ಕಾದೆ: 0.03. ಎರಡೂ ನಾನೇ ಏಪ್ರಿಲ್ ಕೊನೆಯಲ್ಲಿ ಹಾಕಿದ್ದು. ದಿನಾ ಓಡಿಸ್ತಿದ್ದಾಗ ಡಿಸಿ-ಡಿಸಿ ತುಂಬಿಕೊಡ್ತಿತ್ತು, ಹಾಗಾಗಿ ಗೊತ್ತೇ ಆಗಿರಲಿಲ್ಲ.

ಲೆಕ್ಕ ಹಾಕಿದೆ. ಕ್ಯಾಮೆರಾ 0.29, ದಿನಕ್ಕೆ ಸುಮಾರು 7 ಎಎಚ್. ಡಾಂಗಲ್ 0.11, ಎರಡೂವರೆ ಮೇಲೆ. ಕಾರಿನದು ಮುಕ್ಕಾಲು. ಒಟ್ಟು 10 ಎಎಚ್, ಅಂದರೆ 35ರ ಬ್ಯಾಟರಿ ಮೂರೂವರೆ ದಿನಕ್ಕೆ ಖಾಲಿ. ಆ್ಯಪ್‌ನಲ್ಲಿದ್ದ ಮೇ 31ಕ್ಕೆ ಸರಿಯಾಗಿ ಕೂರುತ್ತೆ, ನಾವು ಹೊರಟಿದ್ದು 27ಕ್ಕೆ. ಕ್ಯಾಮೆರಾದ ವೈರಿಂಗ್ ಕಿಟ್‌ನಲ್ಲಿ ವೋಲ್ಟೇಜ್ ಕಮ್ಮಿಯಾದಾಗ ಆಫ್ ಮಾಡುವ ಸ್ವಿಚ್ ಇತ್ತು. ಜಾಸ್ತಿ ಹೊತ್ತು ರೆಕಾರ್ಡ್ ಆಗಲಿ ಅಂತ ನಾನು ಅದನ್ನು ಇರೋದರಲ್ಲೇ ಕೆಳಗಿನ 11.6ಕ್ಕೆ ಇಟ್ಟಿದ್ದೆ. 11.6 ಅಂದರೆ ಬ್ಯಾಟರಿ ಆಗಲೇ ಖಾಲಿ. ಆಮೇಲೆ ಉಳಿದದ್ದನ್ನು ಡಾಂಗಲ್ ಒಂದು ವಾರ ನೆಕ್ಕಿ 7.9ಕ್ಕೆ ತಂದಿದೆ. ವಾರಂಟಿ ಕೇಳೋಕೆ ಹೋಗದಿದ್ದದ್ದೇ ಒಳ್ಳೇದಾಯಿತು, ಮುಖ ತೋರಿಸೋಕೆ ಆಗ್ತಿರಲಿಲ್ಲ.

ಕೆಲವು ಕಾರುಗಳು ನಿಂತಲ್ಲೇ ಆಗಾಗ ಎದ್ದು ದೊಡ್ಡದರಿಂದ ಚಿಕ್ಕದನ್ನು ತುಂಬಿಕೊಳ್ಳುತ್ತವೆ. ನಮ್ಮದು ಹಾಗೆ ಮಾಡಲ್ಲ, ರೆಡಿಯಲ್ಲಿ ಇದ್ದಾಗ ಅಥವಾ ಚಾರ್ಜ್ ಆಗ್ತಿರುವಾಗ ಮಾತ್ರ. ಗನ್ ಚುಚ್ಚಿಟ್ಟು ಹೋದರೂ ದೊಡ್ಡದು ತುಂಬಿದ ಮೇಲೆ ಎಲ್ಲ ಮಲಗಿಬಿಡುತ್ತೆ.

ಜೂನ್ 21, ಸರಿಪಡಿಸಿದ್ದು

ಡಾಂಗಲ್ ಈಗ ಗ್ಲೋವ್ ಬಾಕ್ಸಿನಲ್ಲಿ, ಬೇಕಾದಾಗ ಚುಚ್ಚಿ ತೆಗೆಯೋದು. ಕ್ಯಾಮೆರಾವನ್ನು ಕಾರು ಆನ್ ಆದಾಗ ಮಾತ್ರ ಬರುವ ಫ್ಯೂಸಿಗೆ ಬದಲಾಯಿಸಿದೆ. ಆ ಫ್ಯೂಸಿನ ಸೈಜ್ ಬೇರೆ, ಹೊಸ ಫ್ಯೂಸ್ ಟ್ಯಾಪ್ (ಫ್ಯೂಸಿನ ಜಾಗದಿಂದ ಇನ್ನೊಂದು ಲೈನ್ ತೆಗೆಯುವ ಕೊಂಡಿ) 120 ರೂಪಾಯಿ. ಯಾವ ಫ್ಯೂಸ್ ಅಂತ ಹುಡುಕೋಕೆ ಒಂದೊಂದನ್ನೇ ಮೀಟರಿನಿಂದ ಮುಟ್ಟಿ, ಕಾರು ಆಫ್ ಮಾಡಿದಾಗ ಸೊನ್ನೆ ಆಗೋದನ್ನು ಆರಿಸಿದೆ. ಏರ್‌ಬ್ಯಾಗ್ ಅಂತ ಬರೆದದ್ದನ್ನು ಬಿಟ್ಟೆ.

ಲಿಥಿಯಂ 12 ವೋಲ್ಟ್ ಹಾಕಬಹುದಿತ್ತಲ್ಲ ಅಂತ ತಮ್ಮ ಕೇಳಿದ. ಟೆಸ್ಲಾ 2021ರಿಂದ ಚಿಕ್ಕದನ್ನೂ ಲಿಥಿಯಂ ಮಾಡಿದೆ, ಆದರೆ ಕಾರನ್ನೇ ಅದಕ್ಕೆ ತಕ್ಕ ಹಾಗೆ ಕಟ್ಟಿದ್ದಾರೆ. ನಮ್ಮ ಕಾರಿನ ಚಾರ್ಜಿಂಗ್ ಸೀಸದ ಲೆಕ್ಕಕ್ಕೆ ಇಟ್ಟದ್ದು. ಮೂರು ಪಟ್ಟು ದುಡ್ಡು ಕೊಟ್ಟು ಹೊಸ ತಲೆನೋವು ತರೋದು ಬೇಡ ಅನ್ನಿಸಿತು.

2,900 ಕೊಟ್ಟು ಸತ್ತ ಬ್ಯಾಟರಿ ಎಬ್ಬಿಸುವ, ಅಂಗೈ ಅಗಲದ ಒಂದು ಜಂಪ್ ಪ್ಯಾಕ್ ತಗೊಂಡೆ. ಅದನ್ನು ಬಿಚ್ಚಿ ನೋಡಿ, ಖುಷಿಯಿಂದ ತಗೊಂಡು ಹೋಗಿ ಡಿಕ್ಕಿಯಲ್ಲಿ ಇಟ್ಟೆ. ಡಿಕ್ಕಿ ಬಾಗಿಲು ಮುಚ್ಚಿದ ಮೇಲೆ ನೆನಪಾಯಿತು. ಈಗ ಅದೂ ಟೂಲ್ ಬಾಕ್ಸೂ ಮುಂದಿನ ಸೀಟಿನ ಕೆಳಗೆ.

ಖರ್ಚು: ಬ್ಯಾಟರಿ 4,350, ಚಾರ್ಜರ್ 1,450, ಆಟೋ 160, ಟ್ಯಾಪ್ 120, ಮೀಟರ್ ಫ್ಯೂಸ್ 40. ಅಲ್ಲಿಗೆ 6,120. ಜಂಪ್ ಪ್ಯಾಕ್ ಸೇರಿ 9,020. ಇದರಲ್ಲಿ ಆಟೋ ಮತ್ತು ಮೀಟರ್ ಫ್ಯೂಸ್ ಶುದ್ಧ ದಡ್ಡತನದ ಲೆಕ್ಕಕ್ಕೆ. ಬ್ಯಾಟರಿಯೂ ಬಹುಶಃ ಅರ್ಧ ಅದೇ ಲೆಕ್ಕಕ್ಕೆ.

ಜೂನ್ 25, ಬುಧವಾರ

ಶನಿವಾರ ಸಂಜೆಯಿಂದ ಕಾರು ಬೇಕಂತಲೇ ತೆಗೆದಿಲ್ಲ, ಸ್ಕೂಟರಿನಲ್ಲೇ ಓಡಾಡಿದೆ. ಶನಿವಾರ 12.66 ಇತ್ತು. ಇವತ್ತು ಬೆಳಿಗ್ಗೆ 12.61. ಹೆಂಡತಿಯನ್ನು ದೇವರಾಜ ಮಾರ್ಕೆಟಿಗೆ ಕರೆದುಕೊಂಡು ಹೋದೆ. ಮಲ್ಲಿಗೆ, ಬಾಳೆಹಣ್ಣು ತಗೊಂಡು ವಾಪಸ್ ಬಂದು ನೋಡಿದರೆ ಯಾರೋ ಹಿಂದಿನ ಬಂಪರ್ ಉಜ್ಜಿ ಹೋಗಿದ್ದಾರೆ, ಒಂದು ಗೇಣು ಗೀರು. ಕ್ಯಾಮೆರಾ ಆಫ್ ಆಗಿತ್ತು.